ಕೆರೆಯ ಕೋಡಿಯಿಂದ ಬೆಳ್ಳಿತೆರೆಗೆ: ವಿಪತ್ತಿನ ಕಥನಗಳ ಆಕರ್ಷಣೆ

ವಿಪತ್ತನ್ನೇ ವಸ್ತುವಾಗಿಸಿಕೊಂಡ ಚಲನಚಿತ್ರಗಳ ಚರ್ಚೆ ಸಾಮಾನ್ಯವಾಗಿ ಹಾಲಿವುಡ್ಡಿನಿಂದ ಆರಂಭವಾಗುತ್ತದೆ. 1972ರ ‘ದಿ ಪೊಸೈಡನ್ ಅಡ್ವೆಂಚರ್’, 1974ರ ‘ದಿ ಟವರಿಂಗ್ ಇನ್‌ಫರ್ನೊ’, 1997ರ ‘ಟೈಟಾನಿಕ್’ ಈ ಪರಂಪರೆಯ ಪ್ರಸಿದ್ಧ ಹೆಸರುಗಳು. ವಿನಾಶದ ದೃಶ್ಯಗಳಲ್ಲಿ ಪ್ರೇಕ್ಷಕನಿಗೆ ಒಂದು ಬಗೆಯ ಸೌಂದರ್ಯಾನುಭವ ದೊರೆಯುತ್ತದೆಂದು ಸೂಸನ್ ಸೊಂಟಾಗ್ 1965ರ ತಮ್ಮ ಪ್ರಬಂಧದಲ್ಲಿ ಗುರುತಿಸಿದ್ದರು. ತನಗೇನೂ ಆಗದೆ ಎಲ್ಲವೂ ಕುಸಿಯುವುದನ್ನು ನೋಡುವ ಸುಖ ಅದು. ಈ ವಿವರಣೆಯನ್ನು ಅಲ್ಲಗಳೆಯಲಾಗದು. ಆದರೆ ಜಾನಪದದ ಅಭ್ಯಾಸಿಗೆ ಅದು ಅರ್ಧ ಉತ್ತರವೆನಿಸುತ್ತದೆ. (‘ದುರಂತ’ ಎಂಬ ಪದ ನಮ್ಮ ವಿಮರ್ಶೆಯಲ್ಲಿ ಗ್ರೀಕ್ ನಾಟಕಗಳಿಗೆ ಮೀಸಲಾಗಿಬಿಟ್ಟಿರುವುದರಿಂದ ಇಲ್ಲಿ ‘ವಿಪತ್ತು’ ಎಂಬುದನ್ನೇ ಬಳಸಿದ್ದೇನೆ.)

ಸಿನಿಮಾ ಬರುವುದಕ್ಕೆ ಬಹಳ ಹಿಂದೆಯೇ ವಿಪತ್ತನ್ನು ನೋಡುವ, ಕೇಳುವ ರೂಢಿ ನಮ್ಮ ಕೆರೆಸೀಮೆಯಲ್ಲಿತ್ತು. ಇಂದು ತುಮಕೂರು ನಗರಕ್ಕೆ ಸೇರಿದ ಕೈಗಾರಿಕಾ ಪ್ರದೇಶವಾಗಿರುವ ಸತ್ಯಮಂಗಲದಿಂದ ಕುಣಿಗಲ್ಲಿಗೆ ಹೋದರೆ ಅಲ್ಲಿನ ದೊಡ್ಡಕೆರೆ, ಗುಬ್ಬಿಯ ಕಡೆ ಹೋದರೆ ಕಡಬದ ಕೆರೆ. ಕೆರೆ ತುಂಬಿ ಕೋಡಿ ಬಿದ್ದ ಸುದ್ದಿ ಹಬ್ಬಿದೊಡನೆ ಸುತ್ತಲ ಹಳ್ಳಿಯವರು ಏರಿಯ ಮೇಲೆ ಸೇರುತ್ತಾರೆ. ಗಂಗೆಗೆ ಬಾಗಿನ ಅರ್ಪಿಸುತ್ತಾರೆ. ಅದೇ ನೀರು ಏರಿಯನ್ನು ಒಡೆದರೆ ಕೆಳಗಿನ ಗದ್ದೆ, ಊರು ಉಳಿಯುವುದಿಲ್ಲವೆಂಬುದು ಅಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತು. ಸಂಭ್ರಮ ಮತ್ತು ಭಯ ಒಂದೇ ನೋಟದಲ್ಲಿ ಬೆರೆತಿರುವ ಈ ಪ್ರೇಕ್ಷಕತ್ವವನ್ನು ನಾವು ಗಮನಿಸಿದ್ದು ಕಡಿಮೆ. ಕುಣಿಗಲ್ ಕೆರೆಯ ಹಾಡು ಕೆರೆಯ ವೈಭವವನ್ನು ಕೊಂಡಾಡಿದರೆ, ಮದಗದ ಕೆರೆಯ ಹಾಡಿನಲ್ಲಿ ಪುಟ್ಟ ಮೋಡವೊಂದು ಮಹಾಮಳೆಯಾಗಿ, ತುಂಬಿದ ಗಂಗೆಯೇ ಬಾಯಿಬಿಟ್ಟು ತಾನಿನ್ನು ನಿಲ್ಲಲಾರೆನೆಂದು ಸುದ್ದಿ ಕಳುಹಿಸುತ್ತಾಳೆ.

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಐತಿಹ್ಯ ಇನ್ನೂ ಮುಂದೆ ಹೋಗುತ್ತದೆ. ಕೆರೆಯನ್ನು ಒಡೆಯಲು ಸಿದ್ಧಳಾದ ದೇವಿಯನ್ನು ನೀರುಗಂಟಿ ಬೇಡಿಕೊಳ್ಳುತ್ತಾನೆ: ದೊರೆಗೆ ತಿಳಿಸಿ ಮರಳುವವರೆಗೆ ತಾಳಬೇಕು. ಆಕೆ ಮಾತು ಕೊಡುತ್ತಾಳೆ. ಸುದ್ದಿ ಕೇಳಿದ ದೊರೆ ಆತನನ್ನೇ ಕೊಲ್ಲಿಸುತ್ತಾನೆ. ನೀರುಗಂಟಿ ಮರಳುವುದಿಲ್ಲ, ಕೆರೆ ಒಡೆಯುವುದಿಲ್ಲ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಲಾಗುತ್ತದೆ. ಮರೆತುಬಂದ ಬಟ್ಟಲನ್ನು ತರಲು ಆಕೆ ಒಬ್ಬಳೇ ಕೆರೆಗಿಳಿದಾಗ ನೀರು ಪಾದದಿಂದ ಮೊಣಕಾಲಿಗೆ, ನಡುವಿಗೆ, ತಲೆಗೆ ಏರುತ್ತದೆ. ಯಾವ ಕ್ಯಾಮೆರಾವೂ ಇದಕ್ಕಿಂತ ನಿರ್ದಯವಾಗಿ ನೀರನ್ನು ಅಳೆದಿಲ್ಲವೆಂದು ನನ್ನ ಭಾವನೆ.

ಈ ಎರಡೂ ಕಥನಗಳ ಆಕರ್ಷಣೆ ನೀರಿನ ಆರ್ಭಟದಲ್ಲಿಲ್ಲ. ಊರು ಉಳಿಯಲು ಯಾರನ್ನು ಕೊಡಬೇಕೆಂಬ ಪ್ರಶ್ನೆಯಲ್ಲಿದೆ. ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯಳು, ದೊರೆಯನ್ನು ಬಿಟ್ಟು ನೀರುಗಂಟಿ. ಕೇಳುವವರು ಕಣ್ಣೀರಿಡುವುದು ಈ ಲೆಕ್ಕಾಚಾರ ತಮ್ಮ ಮನೆಯದೂ ಆಗಿರುವುದರಿಂದ. ‘ಟೈಟಾನಿಕ್’ ಕೂಡ ಪ್ರೇಮಕಥೆಯ ಹೊದಿಕೆಯೊಳಗೆ ಇದನ್ನೇ ಹೇಳುತ್ತದೆ. 1912ರಲ್ಲಿ ಆ ಹಡಗಿನಲ್ಲಿದ್ದವರು ಸುಮಾರು 2,200 ಮಂದಿ, ಜೀವರಕ್ಷಕ ದೋಣಿಗಳಲ್ಲಿ ಸ್ಥಳವಿದ್ದದ್ದು 1,178 ಮಂದಿಗೆ. ‘ಟವರಿಂಗ್ ಇನ್‌ಫರ್ನೊ’ದಲ್ಲಿ ಕಳಪೆ ವಿದ್ಯುತ್ ತಂತಿಗಳಿಗೆ ಹೊಣೆಯಾಗುವವನು ಕಟ್ಟಡದ ಒಡೆಯನ ಅಳಿಯ. ಅಲ್ಲಿ ಅಳಿಯ ತಪ್ಪಿತಸ್ಥ, ನಮ್ಮಲ್ಲಿ ಸೊಸೆ ನಿರಪರಾಧಿ ಬಲಿ. ಈ ವ್ಯತ್ಯಾಸ ಪ್ರತ್ಯೇಕ ಅಧ್ಯಯನವನ್ನೇ ಬೇಡುತ್ತದೆ.

ಅದ್ಭುತ ದೃಶ್ಯಗಳ ಹಂಬಲವೂ ಸಿನಿಮಾದೊಡನೆ ಬಂದುದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು.

ಎಲ್ಲ ವಿಪತ್ತುಗಳೂ ಹೀಗೆ ನೋಟವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ 1876-78ರ ಬರದ ಪರಿಣಾಮವಾಗಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50,55,412ರಿಂದ 1881ರಲ್ಲಿ 41,86,188ಕ್ಕೆ ಇಳಿಯಿತು. ಒಡೆದ ಕೆರೆಯನ್ನು ನೋಡಲು ಜನ ಸೇರುತ್ತಾರೆ, ಒಣಗಿದ ಕೆರೆಯ ಏರಿಯ ಮೇಲೆ ಯಾರೂ ನಿಲ್ಲುವುದಿಲ್ಲ. ಮೆಲ್ಲಗೆ ಬರುವ ಸಾವಿಗೆ ತೆರೆಯ ಮೇಲೆ ಬೆಲೆ ಕಡಿಮೆ.

ಈ ಹಿನ್ನೆಲೆಯಲ್ಲಿ ಎರಡು ಕನ್ನಡ ಚಿತ್ರಗಳು ಮುಖ್ಯವೆನಿಸುತ್ತವೆ. ಸಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರು 2012ರಲ್ಲಿ ‘ಭಾಗೀರಥಿ’ಯ ಮೂಲಕ ‘ಕೆರೆಗೆ ಹಾರ’ವನ್ನೇ ತೆರೆಗೆ ತಂದರು. ನಾ. ಡಿಸೋಜರ ಕೃತಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ಮಾಡಿದ ‘ದ್ವೀಪ’ ಸ್ವರ್ಣಕಮಲ ಪಡೆಯಿತು. ಅದರಲ್ಲಿ ಅಲೆಗಳ ಅಬ್ಬರವಿಲ್ಲ. ಅಣೆಕಟ್ಟಿನ ಹಿನ್ನೀರು ದಿನಕ್ಕಿಷ್ಟರಂತೆ ಏರುತ್ತದೆ, ಊರು ಖಾಲಿಯಾಗುತ್ತದೆ, ಒಂದೇ ಮನೆ ಉಳಿಯುತ್ತದೆ. ಮನೆಯ ಸೊಸೆ ನಾಗಿ ಕೆರೆಗೆ ಹಾರವಾಗಲು ಒಪ್ಪುವವಳಲ್ಲ; ಮಳೆಗಾಲವಿಡೀ ಮನೆಯನ್ನು ಕಾಯುತ್ತಾಳೆ. ಮಳೆ ಹಿಂದೆಗೆದು ಜೀವ ಉಳಿದಾಗ ಗಂಡ ಗಣಪ ಅದರ ಶ್ರೇಯಸ್ಸನ್ನು ಹೆಂಡತಿಗೆ ಕೊಡುವುದಿಲ್ಲ, ದೇವರಿಗೆ ಒಪ್ಪಿಸುತ್ತಾನೆ.