ಕಾನೂನು ಗುರುತಿಸಿದ ಕೆಲಸ, ಭದ್ರವಾಗದ ಹುದ್ದೆ: ಇಟಲಿಯ ಅಂತರ್‌ಸಾಂಸ್ಕೃತಿಕ ಮಧ್ಯಸ್ಥರು

ಇಟಲಿಯ 1998ರ ವಲಸೆ ಸಂಹಿತೆಯ 42ನೇ ವಿಧಿ, ವಲಸಿಗರಿಗೂ ಸರ್ಕಾರಿ ಕಚೇರಿಗಳಿಗೂ ನಡುವೆ ಭಾಷೆ, ಸಂಸ್ಕೃತಿಗಳ ಸೇತುವೆಯಾಗುವ ಅಂತರ್‌ಸಾಂಸ್ಕೃತಿಕ ಮಧ್ಯಸ್ಥರನ್ನು ಹೆಸರಿಸಿ ಗುರುತಿಸುತ್ತದೆ. ಕನಿಷ್ಠ 2 ವರ್ಷಗಳ ವಾಸ್ತವ್ಯ ಪರವಾನಗಿಯುಳ್ಳ ವಿದೇಶಿಯರನ್ನು ಸರ್ಕಾರಿ ಕಚೇರಿಗಳು ಈ ಕೆಲಸಕ್ಕೆ ಬಳಸಿಕೊಳ್ಳಬಹುದು. ಅದಕ್ಕೆ ವಿಧಿ ತೋರುವ ದಾರಿ ಸಂಘಸಂಸ್ಥೆಗಳೊಡನೆ ಒಪ್ಪಂದ. ಈ ವೃತ್ತಿಯ ಬಲವೂ ದೌರ್ಬಲ್ಯವೂ ಇದೇ ವಿಧಿಯಲ್ಲಿ ಬೇರೂರಿವೆ ಎಂಬುದು ಪ್ರಸ್ತುತ ಲೇಖನದ ವಾದ.

ಬಲವಿರುವುದು ಮಧ್ಯಸ್ಥರೂ ವಲಸಿಗರೇ ಎಂಬುದರಲ್ಲಿ. ಅದೇ ಸಂಹಿತೆಯ 35ನೇ ವಿಧಿಯಂತೆ, ದಾಖಲೆಗಳಿಲ್ಲದ ವಿದೇಶಿಯರು ಚಿಕಿತ್ಸೆಗೆ ಬಂದರೆ ಆಸ್ಪತ್ರೆ ಅವರ ಬಗ್ಗೆ ಪೊಲೀಸರಿಗೆ ಸುಳಿವು ಕೊಡುವಂತಿಲ್ಲ. 2009ರಲ್ಲಿ ಈ ರಕ್ಷಣೆಯನ್ನು ಕಿತ್ತುಹಾಕುವ ಪ್ರಸ್ತಾಪ ಬಂದಾಗ ವೈದ್ಯರು ಪ್ರತಿಭಟಿಸಿದರು, ವಿಧಿ ಉಳಿಯಿತು. ಆದರೆ ಹೆದರಿದ ಗರ್ಭಿಣಿಗೆ ಗೆಜೆಟ್ಟಿನ ಮಾತು ಧೈರ್ಯ ಕೊಡುವುದಿಲ್ಲ. ತಾನೂ ಪರವಾನಗಿಗಾಗಿ ಸರತಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಅರಬ್ಬಿಯಲ್ಲೋ ಪಂಜಾಬಿಯಲ್ಲೋ ಅದನ್ನೇ ಹೇಳಿದಾಗ ನಂಬಿಕೆ ಮೂಡುತ್ತದೆ. ಮಧ್ಯಸ್ಥರಿಲ್ಲದ ಕಡೆ ತಾಯಿಯ ಕಾಯಿಲೆಯನ್ನು ವೈದ್ಯರಿಗೆ ವಿವರಿಸುವ ಭಾರ ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುತ್ತದೆ. ಇದು ಆ ಮಗುವಿಗೂ ತಾಯಿಗೂ ಆಗುವ ಅನ್ಯಾಯ.

ಇಂಥ ನಂಬಿಕೆ ಬೇಕಾಗುವುದು ಆಸ್ಪತ್ರೆಯಲ್ಲಷ್ಟೇ ಅಲ್ಲ. ರೋಮಿನ ದಕ್ಷಿಣಕ್ಕಿರುವ ಲಾತಿನಾ ಪ್ರಾಂತದ ತರಕಾರಿ ತೋಟಗಳಲ್ಲಿ ಭಾರತದ ಪಂಜಾಬಿಗಳು ದುಡಿಯುತ್ತಾರೆ. ತಿಂಗಳಿಡೀ ದುಡಿಸಿಕೊಂಡು ಸಂಬಳದ ಚೀಟಿಯಲ್ಲಿ ಕೆಲವೇ ದಿನ ತೋರಿಸುವುದು ಅಲ್ಲಿನ ಹಳೆಯ ವಂಚನೆ. 2016ರ ಏಪ್ರಿಲ್‌ನಲ್ಲಿ ಈ ಕೂಲಿಗಳು ಮುಷ್ಕರ ಹೂಡಿದರು; ಅದೇ ವರ್ಷ ಕೂಲಿ ದಲ್ಲಾಳಿಗಳ ಶೋಷಣೆಯ ವಿರುದ್ಧ 199ನೇ ಕಾಯ್ದೆ ಬಂತು. ಕಾಯ್ದೆ ಫಲ ಕೊಡಬೇಕಾದರೆ ಕೂಲಿಯವನು ತಪಾಸಣಾಧಿಕಾರಿಯ ಮುಂದೆ ಬಾಯಿಬಿಡಬೇಕು. ಅಧಿಕಾರಿಯ ಜೊತೆ ಬರುವ ಮಧ್ಯಸ್ಥನ ಕೆಲಸ ಆಗ ಭಾಷಾಂತರಕ್ಕೆ ಮುಗಿಯುವುದಿಲ್ಲ: ದೂರು ಕೊಟ್ಟರೆ ಮುಂದೇನಾಗುತ್ತದೆ, ಪರವಾನಗಿಗೆ ತೊಂದರೆಯಿದೆಯೇ, ಮಾಲೀಕನೇ ಕೊಟ್ಟ ಮನೆ ಉಳಿಯುತ್ತದೆಯೇ ಎಂಬ ಪ್ರಶ್ನೆಗಳನ್ನೂ ಅವನೇ ಎದುರಿಸಬೇಕು.

ದೌರ್ಬಲ್ಯವಿರುವುದು ಒಪ್ಪಂದದಲ್ಲಿ. ಬಹುಪಾಲು ಮಧ್ಯಸ್ಥರು ಸಹಕಾರ ಸಂಘಗಳ ಮೂಲಕ, ಟೆಂಡರಿನ ಅವಧಿಗೆ, ಗಂಟೆ ಲೆಕ್ಕದ ಸಂಬಳಕ್ಕೆ ದುಡಿಯುತ್ತಾರೆ. ತರಬೇತಿಯ ನಿಯಮಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಇಂಥ ಸ್ಥಿತಿಯಲ್ಲಿರುವ ಮಧ್ಯಸ್ಥೆ, ಅವಸರದ ವೈದ್ಯನನ್ನು ತಡೆದು "ರೋಗಿಗೆ ಇದು ಅರ್ಥವಾಗಿಲ್ಲ" ಎನ್ನುವುದು ಸುಲಭವಲ್ಲ. ಇದಕ್ಕೆ ಬೇರೆ ದಾರಿಯೂ ಇದೆ: ಬೆಲ್ಜಿಯಂನಲ್ಲಿ 1999ರಿಂದ ಆಸ್ಪತ್ರೆಗಳ ಮಧ್ಯಸ್ಥರಿಗೆ ಕೇಂದ್ರ ಸರ್ಕಾರವೇ ಹಣ ಒದಗಿಸುತ್ತಿದೆ; ಮಧ್ಯಸ್ಥರಿಲ್ಲದ ಆಸ್ಪತ್ರೆಗಳಿಗೆ ವಿಡಿಯೊ ಮೂಲಕವೂ ನೆರವು ತಲುಪುತ್ತದೆ. ಇಟಲಿಯೂ ಆಸ್ಪತ್ರೆ ಮತ್ತು ಕಾರ್ಮಿಕ ತಪಾಸಣಾ ಕಚೇರಿಗಳಲ್ಲಾದರೂ ಮಧ್ಯಸ್ಥರನ್ನು ಕಾಯಂ ಸಿಬ್ಬಂದಿಯಾಗಿ ನೇಮಿಸಿಕೊಳ್ಳಬೇಕು. ಅದಕ್ಕೆ 42ನೇ ವಿಧಿಯ ತಿದ್ದುಪಡಿಯೇ ಮೊದಲ ಹೆಜ್ಜೆ.