ತಂತಿ ಹೋದದ್ದು ಎಲ್ಲಿಗೆ?

1907ರ ಆಗಸ್ಟ್ 29ರಂದು, ಮಧ್ಯಾಹ್ನ ಹನ್ನೆರಡು ದಾಟಿದ ಸ್ವಲ್ಪ ಹೊತ್ತಿಗೆ ನ್ಯೂಯಾರ್ಕಿನಿಂದ ಒಂದು ತಂತಿ ಹೊರಟಿತು. ಕಳಿಸಿದವರು ಥಿಯೋಡರ್ ಕೂಪರ್. ಅಮೆರಿಕದಲ್ಲಿ ಸೇತುವೆ ಕಟ್ಟುವವರ ನಡುವೆ ಅವರದು ಆಗ ಬಹು ದೊಡ್ಡ ಹೆಸರು. ಎಲ್ಲ ಸಂಗತಿಗಳನ್ನು ಪರಿಶೀಲಿಸುವವರೆಗೆ ಸೇತುವೆಯ ಮೇಲೆ ಇನ್ನು ಭಾರ ಹೇರಬೇಡಿ ಎಂಬುದು ತಂತಿಯ ಸಾರ. ಸೇತುವೆ ಇದ್ದದ್ದು ಕೆನಡಾದ ಕ್ವಿಬೆಕ್ ಬಳಿ, ಸೇಂಟ್ ಲಾರೆನ್ಸ್ ನದಿಯ ಮೇಲೆ. ತಂತಿ ಹೋದದ್ದು ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ಗೆ, ಸೇತುವೆಯ ಗುತ್ತಿಗೆ ಹಿಡಿದಿದ್ದ ಉಕ್ಕಿನ ಕಂಪನಿಯ ಕಚೇರಿಗೆ. ಅಲ್ಲಿ ಸಂಜೆ ಸಭೆ ಸೇರಿತು. ಬೆಳಗ್ಗೆ ನೋಡೋಣ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಸಂಜೆ ಐದೂವರೆಯ ಸುಮಾರಿಗೆ, ಇನ್ನೇನು ದಿನದ ಕೆಲಸ ಮುಗಿಯಬೇಕು ಎನ್ನುವಾಗ, ಸೇತುವೆಯ ದಕ್ಷಿಣದ ಅರ್ಧ ಕುಸಿದು ನದಿಗೆ ಬಿದ್ದಿತ್ತು. ಮೇಲಿದ್ದ 86 ಕೆಲಸಗಾರರಲ್ಲಿ 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನಾವಾಗೆ ಎಂಬ ಒಂದೇ ಊರಿನ ಮೊಹಾಕ್ ಜನ.

ಸೇತುವೆಗಳ ಚರಿತ್ರೆಯಲ್ಲಿ ಈ ಘಟನೆಯನ್ನು ಲೆಕ್ಕಾಚಾರದ ತಪ್ಪೆಂದೇ ಹೇಳುತ್ತಾರೆ. ಅದು ನಿಜವೂ ಹೌದು. ನಡುವಿನ ಹರವನ್ನು 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದರು, ಆದರೆ ಸೇತುವೆಯ ಸ್ವಂತ ತೂಕವನ್ನು ಹೊಸದಾಗಿ ಲೆಕ್ಕ ಹಾಕಲಿಲ್ಲ. ಗೊತ್ತಾಗುವ ಹೊತ್ತಿಗೆ ಬಹುಪಾಲು ಉಕ್ಕು ತಯಾರಾಗಿತ್ತು, ಒಂದಷ್ಟು ಮೇಲಕ್ಕೂ ಏರಿತ್ತು. ಆದರೆ ನನಗೆ ಹೆಚ್ಚು ಕಾಡುವುದು ಕೊನೆಯ ಮೂರು ದಿನಗಳು. ಆಗಸ್ಟ್ 27ರಂದು ಕೆಳಗಿನ ತೊಲೆಯೊಂದರ ಬಾಗು ಮುಕ್ಕಾಲು ಅಂಗುಲದಿಂದ ಎರಡೂಕಾಲು ಅಂಗುಲಕ್ಕೆ ಬೆಳೆದದ್ದನ್ನು ಸ್ಥಳದ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಅಳೆದು ನೋಡಿದ. ಅದು ಮೊದಲಿನಿಂದಲೂ ಹಾಗೇ ಇತ್ತು ಎಂದು ಕಂಪನಿಯವರು ವಾದಿಸಿದರು. ವಾದ ಬಗೆಹರಿಯದೆ ಆತ ರೈಲು ಹತ್ತಿ ನ್ಯೂಯಾರ್ಕಿಗೆ ಹೋದ. ಕೂಪರ್ ಅನಾರೋಗ್ಯದ ಕಾರಣ ಉಕ್ಕು ಏರಿಸುವ ಕೆಲಸ ನಡೆಯುವಾಗ ಒಮ್ಮೆಯೂ ಸ್ಥಳಕ್ಕೆ ಬಂದಿರಲಿಲ್ಲ. ಅಂದರೆ ನೋಡಿದವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನು ನೋಡಿಲ್ಲ, ನಿಲ್ಲಿಸಬಲ್ಲವರು ಮೂರನೆಯ ಊರಿನಲ್ಲಿ. ಇಷ್ಟೂ ಜನರ ನಡುವೆ ಓಡಾಡುತ್ತಿದ್ದದ್ದು ಕಾಗದ, ತಂತಿ ಮತ್ತು ಒಬ್ಬ ಪ್ರಯಾಣಿಕ.

(ಕೆನಡಾದ ಎಂಜಿನಿಯರುಗಳು ಕಿರುಬೆರಳಿಗೆ ತೊಡುವ ಕಬ್ಬಿಣದ ಉಂಗುರವನ್ನು ಈ ಸೇತುವೆಯ ಅವಶೇಷದಿಂದಲೇ ಮಾಡಿದರೆಂಬ ಕತೆಯಿದೆ. ಕತೆ ಚೆನ್ನಾಗಿದೆ, ನಿಜವಲ್ಲ.)

ಕಟ್ಟಡ ಕಟ್ಟುವುದು ಒಬ್ಬರ ಕೆಲಸವಲ್ಲ. ನಮ್ಮ ಹಳೆಯ ದೇವಾಲಯಗಳ ಸ್ಥಪತಿ ಕಲ್ಲಿನ ಮೇಲೆಯೇ ಗೆರೆ ಹಾಕಿ ಶಿಲ್ಪಿಗೆ ತೋರಿಸಬಹುದಿತ್ತು; ಇಬ್ಬರೂ ಒಂದೇ ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಂಟು ಕಡಿಯಿತು. ವಾಸ್ತುಶಿಲ್ಪಿ ಒಂದು ಊರಿನಲ್ಲಿ, ಲೆಕ್ಕ ಹಾಕುವವನು ಇನ್ನೊಂದು ಊರಿನಲ್ಲಿ, ಕಾರ್ಖಾನೆ ಮತ್ತೊಂದು ಕಡೆ. ಅವರನ್ನು ಜೋಡಿಸಿದ್ದು ನೀಲಿನಕ್ಷೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ರಾಸಾಯನಿಕ ವಿಧಾನವೊಂದು, ಮುಂದೆ ಒಂದೇ ನಕ್ಷೆಯ ಹತ್ತಾರು ಪ್ರತಿಗಳನ್ನು ಅಗ್ಗವಾಗಿ ತೆಗೆಯುವ ದಾರಿಯಾಯಿತು. ಪ್ರತಿಗಳೇನೋ ಹೆಚ್ಚಿದವು. ಒಂದರಲ್ಲಿ ತಿದ್ದಿದ್ದು ಉಳಿದ ಒಂಬತ್ತರಲ್ಲಿ ತಾನಾಗಿ ತಿದ್ದಿಕೊಳ್ಳಲಿಲ್ಲ.

ಕಟ್ಟಡದೊಳಕ್ಕೆ ಕಂಪ್ಯೂಟರ್ ಬಂದ ಮೊದಲ ದೊಡ್ಡ ಸಂದರ್ಭಗಳಲ್ಲಿ ಸಿಡ್ನಿಯ ಆಪೆರಾ ಹೌಸ್ ಒಂದು. 1957ರಲ್ಲಿ ಸ್ಪರ್ಧೆ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಜನ್ ಬರೆದುಕೊಟ್ಟದ್ದು ಹಾಯಿಗಳಂತೆ ಉಬ್ಬಿದ ಚಾವಣಿಯ ಚಿತ್ರ. ಆ ಉಬ್ಬಿಗೆ ಒಂದು ನಿಶ್ಚಿತ ಜ್ಯಾಮಿತಿ ಇರಲಿಲ್ಲ. ಸರ್ಕಾರಕ್ಕೆ ಅವಸರ, 1959ರಲ್ಲೇ ಕೆಳಗಿನ ಕಟ್ಟೆಯ ಕೆಲಸ ಶುರುವಾಯಿತು. ಲಂಡನ್ನಿನ ಓವ್ ಆರಪ್ ಅವರ ಸಂಸ್ಥೆ ಕಂಪ್ಯೂಟರ್ ಹಿಡಿದು ಒಂದಾದ ಮೇಲೊಂದು ಆಕಾರದ ಲೆಕ್ಕ ಹಾಕಿತು. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಲದಿಂದ ಕತ್ತರಿಸಿದ ತುಂಡುಗಳೆಂದು ಭಾವಿಸಬಹುದೆಂಬ ಪರಿಹಾರ ದೊರೆತದ್ದು 1961ರಲ್ಲಿ. ಅಷ್ಟರಲ್ಲಿ ಕೆಳಗೆ ಕಂಬಗಳು ಎದ್ದಿದ್ದವು, ಹೊಸ ಚಾವಣಿಯ ಭಾರಕ್ಕೆ ಅವು ಸಾಲದಾದವು. ಕೆಲವನ್ನು ಒಡೆದು ಮತ್ತೆ ಕಟ್ಟಬೇಕಾಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಮುಟ್ಟಿತು. 1966ರಲ್ಲಿ ಉಟ್ಜನ್ ಜಗಳವಾಡಿ ಹೊರನಡೆದರು. 1973ರಲ್ಲಿ ಉದ್ಘಾಟನೆಯಾದ ತಮ್ಮ ಕಟ್ಟಡವನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಯಂತ್ರ ಲೆಕ್ಕವನ್ನು ಬೇಗ ಮಾಡಿಕೊಟ್ಟಿತು. ಯಾರ ನಿರ್ಧಾರ ಮೊದಲು, ಯಾರದು ಆಮೇಲೆ ಎಂಬ ತಕರಾರನ್ನು ಬಗೆಹರಿಸುವುದು ಅದರ ಕೈಲಾಗುವ ಮಾತಾಗಿರಲಿಲ್ಲ.

1963ರಲ್ಲಿ ಎಂಐಟಿಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು ತೋರಿಸಿದ. 1982ರಲ್ಲಿ ಆಟೋಕ್ಯಾಡ್ ಬಂದು, ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಡ್ರಾಯಿಂಗ್ ಬೋರ್ಡುಗಳು ಅಟ್ಟ ಸೇರಿದವು. ಇದನ್ನು ಕ್ರಾಂತಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕಾಗದದ ಮೇಲಿದ್ದ ಗೆರೆ ಪರದೆಗೆ ಬಂತು, ಗೆರೆ ಗೆರೆಯಾಗಿಯೇ ಉಳಿಯಿತು. ಬಾಗಿಲಿನ ಗೆರೆಗೆ ತಾನು ಬಾಗಿಲು ಎಂಬುದು ಗೊತ್ತಿರಲಿಲ್ಲ. ನಿಜವಾದ ತಿರುವು ಇನ್ನೊಂದು ಕಡೆ ಇತ್ತು. 1970ರ ದಶಕದ ನಡುವೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಒಂದು ವಿಚಾರ ಮುಂದಿಟ್ಟರು. ಕಟ್ಟಡವನ್ನು ಹಲವು ನಕ್ಷೆಗಳಾಗಿ ಬರೆಯುವ ಬದಲು, ಗೋಡೆ, ತೊಲೆ, ಕಿಟಕಿಗಳ ಒಂದೇ ವಿವರ ಭಂಡಾರವಾಗಿ ಕಂಪ್ಯೂಟರಿನಲ್ಲಿ ಇಡೋಣ. ಬೇಕಾದ ನಕ್ಷೆಗಳನ್ನು ಅದರಿಂದಲೇ ತೆಗೆಯೋಣ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗಲಿ. ಇಂದು ಬಿಮ್ ಎಂದು ಕರೆಯುವ ಪದ್ಧತಿಯ ಬೀಜ ಇದೇ. ಬೀಜ ಮರವಾಗಲು ಮೂವತ್ತು ವರ್ಷ ಹಿಡಿಯಿತು. ಅಂದಿನ ಯಂತ್ರಗಳಿಗೆ ಅಷ್ಟು ಶಕ್ತಿ ಇರಲಿಲ್ಲ ಎಂಬುದು ಒಂದು ಕಾರಣ. ಆ ಭಂಡಾರ ಯಾರದು ಎಂಬ ಪ್ರಶ್ನೆ ಇನ್ನೊಂದು.

ಆ ಬೀಜ ಮಣ್ಣಿನಲ್ಲಿದ್ದಾಗಲೇ, 1981ರ ಜುಲೈ 17ರ ಸಂಜೆ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಜನ ಕುಣಿತಕ್ಕೆ ಸೇರಿದ್ದರು. ಹಜಾರದ ಮೇಲೆ, ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟ ನಡೆದಾರಿಗಳು. ನಾಲ್ಕನೆಯ ಮಹಡಿಯದರ ನೇರ ಕೆಳಗೆ ಎರಡನೆಯ ಮಹಡಿಯದು. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದ ಸರಳು ಎರಡನ್ನೂ ಹಿಡಿದಿತ್ತು. ಅಷ್ಟುದ್ದದ ಸರಳಿಗೆ ಮರೆ ಹೊಡೆದು ನಟ್ಟು ತಿರುಗಿಸುವುದು ಕಷ್ಟವೆಂದು ಉಕ್ಕು ತಯಾರಕರು ಅದನ್ನು ಎರಡು ತುಂಡು ಮಾಡಿದರು. ಮೇಲಿನ ಸರಳು ಚಾವಣಿಯಿಂದ ನಾಲ್ಕನೆಯ ಮಹಡಿಗೆ, ಕೆಳಗಿನದು ನಾಲ್ಕನೆಯ ಮಹಡಿಯ ತೊಲೆಯಿಂದ ಎರಡನೆಯದಕ್ಕೆ.

ಬಾವಿಗೆ ಇಳಿಬಿಟ್ಟ ಹಗ್ಗವನ್ನು ನೆನೆಸಿಕೊಳ್ಳಿ. ಇಬ್ಬರು ಅದೇ ಹಗ್ಗ ಹಿಡಿದು ತೂಗುತ್ತಿದ್ದರೆ ಅವರವರ ಭಾರ ಅವರವರ ಕೈಗೆ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ? ಹಗ್ಗಕ್ಕೆ ಬೀಳುವ ಭಾರ ಅಷ್ಟೇ. ಮೇಲಿನವನ ಕೈಗೆ ಮಾತ್ರ ಎರಡರಷ್ಟು. ನಾಲ್ಕನೆಯ ಮಹಡಿಯ ತೊಲೆಯ ಜೋಡಣೆಗೆ ಆದದ್ದು ಇದೇ. ಮೊದಲ ವಿನ್ಯಾಸವೇ ನಿಯಮ ಕೇಳುವಷ್ಟು ಬಲವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. 114 ಮಂದಿ ಸತ್ತರು.

ವಿಚಾರಣೆಯಲ್ಲಿ ಫೋನ್ ಕರೆಯೊಂದರ ಮಾತು ಬಂತು. ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಕೇಳಿದೆವು ಎಂದರು ತಯಾರಕರು. ಅಂಥ ಕರೆ ಬಂದೇ ಇಲ್ಲ ಎಂದರು ಎಂಜಿನಿಯರುಗಳು. ಬದಲಾದ ನಕ್ಷೆಯ ಮೇಲೆ ಎಂಜಿನಿಯರರ ಮೊಹರು ಮಾತ್ರ ಬಿದ್ದಿತ್ತು. ಇಬ್ಬರು ಎಂಜಿನಿಯರುಗಳು ಪರವಾನಗಿ ಕಳೆದುಕೊಂಡರು. ಎಪ್ಪತ್ತನಾಲ್ಕು ವರ್ಷಗಳ ಅಂತರದಲ್ಲಿ ತಂತಿಯ ಜಾಗಕ್ಕೆ ಫೋನು ಬಂದಿತ್ತು, ಅಷ್ಟೆ.

ಆಮೇಲಿನ ಚರಿತ್ರೆ ಬೇಗ ಹೇಳಿ ಮುಗಿಸುವಂಥದು. ಬಿಲ್ಬಾವೋದ ಗುಗ್ಗನ್‌ಹೈಮ್ ಮ್ಯೂಸಿಯಂಗಾಗಿ ಫ್ರಾಂಕ್ ಗೆರಿಯವರ ಕಚೇರಿ ಫ್ರಾನ್ಸಿನ ವಿಮಾನ ತಯಾರಕರ ಕಾಟಿಯಾ ತಂತ್ರಾಂಶವನ್ನು ಬಳಸಿತು. ಆ ತಿರುಚು ಮುರುಚಿನ ಕಟ್ಟಡ 1997ರಲ್ಲಿ ತೆರೆಯಿತು. ರೆವಿಟ್ 2000ದಲ್ಲಿ ಬಂತು. ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆಲ್ಲ 2016ರಿಂದ ಬಿಮ್ ಕಡ್ಡಾಯ ಮಾಡಿತು. ಗಾಳಿಯ ಕೊಳವೆಯೊಂದು ತೊಲೆಯನ್ನು ಸೀಳಿಕೊಂಡು ಹೋಗುತ್ತಿದ್ದರೆ, ಈಗ ಗಾರೆ ಕಲಸುವ ಮೊದಲೇ ಪರದೆಯ ಮೇಲೆ ಕೆಂಪು ಗುರುತು ಮೂಡುತ್ತದೆ. ಇದು ಸಣ್ಣ ಸಂಗತಿಯಲ್ಲ. ಸೈಟಿನಲ್ಲಿ ಕಾಂಕ್ರೀಟ್ ಒಡೆಯುವ ಸದ್ದು ಕೇಳಿದವರಿಗೆ ಅದರ ಬೆಲೆ ಗೊತ್ತು.

ಆದರೆ ಎಲ್ಲರ ತಂತ್ರಾಂಶವೂ ಒಂದೇ ಭಾಷೆ ಆಡುವುದಿಲ್ಲ. ಐಎಫ್‌ಸಿ ಎಂಬ ಸಮಾನ ಮಾದರಿ ಹುಟ್ಟಿದ್ದು 1990ರ ದಶಕದಲ್ಲಿ, ಈ ಗೋಜಲಿಗೆ ಪರಿಹಾರವಾಗಿ. ಹಾಗಿದ್ದೂ ಒಂದರಿಂದ ಇನ್ನೊಂದಕ್ಕೆ ದಾಟುವಾಗ ವಿವರಗಳು ಸೋರಿಹೋಗುವುದು ನಿಂತಿಲ್ಲ. ಬೇರೆ ಬೇರೆ ತಂತ್ರಾಂಶವಾದರೂ ಸರಿ, ಏರ್‌ಬಸ್ ಎ380 ವಿಮಾನದಲ್ಲಿ ಹ್ಯಾಂಬರ್ಗ್ ಮತ್ತು ಟುಲೂಸಿನವರು ಒಂದೇ ಕಾಟಿಯಾದ ಎರಡು ಆವೃತ್ತಿಗಳನ್ನು ಬಳಸಿದ್ದಕ್ಕೇ ತಂತಿಗಳ ಉದ್ದ ಸಾಲದೆ 2006ರಲ್ಲಿ ಕೆಲಸ ಕಟ್ಟಿಬಿದ್ದಿತು. ಈ ಸಲದ ತಂತಿ ತಾಮ್ರ, ಅಲ್ಯೂಮಿನಿಯಂನದು.

ಕ್ವಿಬೆಕ್‌ನ ಮೂರು ಊರುಗಳ ಕತೆ ಈಗ ನಮ್ಮ ಮನೆಬಾಗಿಲಿಗೇ ಬಂದಿದೆ. ಅಮೆರಿಕದ ಎಷ್ಟೋ ಕಟ್ಟಡಗಳ ಉಕ್ಕಿನ ವಿವರ ನಕ್ಷೆಗಳು ಬೆಂಗಳೂರು, ಚೆನ್ನೈಗಳ ಕಚೇರಿಗಳಲ್ಲಿ ತಯಾರಾಗುತ್ತವೆ. ಯಾವ ಬೋಲ್ಟು ಎಲ್ಲಿ, ಯಾವ ತೂತು ಎಷ್ಟು ಎಂದು ಗುರುತಿಸುವ ಇಲ್ಲಿನ ಹುಡುಗ ಹುಡುಗಿಯರು ಆ ಕಟ್ಟಡವನ್ನು ನೋಡುವುದು ಮಾದರಿಯಲ್ಲಿ ಮಾತ್ರ. ಸಂದೇಹ ಬಂದರೆ ಪ್ರಶ್ನೆ ಬರೆದು ಕಳಿಸುತ್ತಾರೆ. ಪ್ರಶ್ನೆಗೆ ಸಂಖ್ಯೆ ಇರುತ್ತದೆ, ತಾರೀಖು ಇರುತ್ತದೆ, ಯಾರು ತೆರೆದು ನೋಡಿದರು ಎಂಬ ದಾಖಲೆಯೂ ಇರಬಹುದು. ಅಂಥ ಕರೆ ಬಂದೇ ಇಲ್ಲ ಎನ್ನುವುದು ಈಗ ಅಷ್ಟು ಸುಲಭವಲ್ಲ. ಆದರೂ ಹಲವು ಕರಾರುಗಳಲ್ಲಿ ಒಂದು ಸಾಲು ಇಂದಿಗೂ ಉಳಿದಿದೆ: ಕಂಪ್ಯೂಟರ್ ಮಾದರಿ ಬರಿಯ ಮಾಹಿತಿಗೆ, ವ್ಯಾಜ್ಯ ಬಂದರೆ ಸಹಿ ಮೊಹರು ಬಿದ್ದ ನಕ್ಷೆಯೇ ಪ್ರಮಾಣ. ಅದಕ್ಕೇ ಎಲ್ಲರೂ ಸೇರಿ ಕಟ್ಟಿದ ಮಾದರಿಯನ್ನು ಕೊನೆಗೆ ಮತ್ತೆ ಹಾಳೆಗಳಾಗಿ ಕತ್ತರಿಸಿ, ಒಂದೊಂದರ ಮೂಲೆಗೂ ಮೊಹರು ಒತ್ತಿ ಕಳಿಸುತ್ತಾರೆ.