ಗಾಯ ಮುಚ್ಚುವ ಕಾಲ: ಮೈಸೂರು ಯುದ್ಧದಿಂದ ತೆರೆದ ಮೂಳೆಮುರಿತದ ಚಿಕಿತ್ಸೆಯವರೆಗೆ

ಶ್ರೀರಂಗಪಟ್ಟಣಕ್ಕೆ ಸಮೀಪದ ಅರಕೆರೆಯಲ್ಲಿ 1791ರ ಮೇ 15ರಂದು ಕಾರ್ನ್‌ವಾಲಿಸನ ಸೈನ್ಯಕ್ಕೂ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಕಾಳಗ ನಡೆಯಿತು. ಇಂಗ್ಲಿಷರಿಗೆ ಮೇಲುಗೈಯಾದರೂ ದವಸಧಾನ್ಯವೂ ಎತ್ತುಗಳೂ ಸಾಲದೆ, ಭಾರಿ ಫಿರಂಗಿಗಳನ್ನು ನಾಶಪಡಿಸಿ ಅವರು ಬೆಂಗಳೂರಿಗೆ ಹಿಮ್ಮೆಟ್ಟಬೇಕಾಯಿತು. ಎತ್ತುಗಳನ್ನು ನೆಚ್ಚಿ ನಡೆದ ಈ ಯುದ್ಧದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ ಕಾವಸ್‌ಜಿ ಎಂಬ ಮರಾಠನ ಹೆಸರು ಶಸ್ತ್ರವೈದ್ಯದ ಇತಿಹಾಸದಲ್ಲಿ ಉಳಿದಿದೆ.

ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಪತ್ರದ ಪ್ರಕಾರ, ಟಿಪ್ಪುವಿನ ಸೆರೆಗೆ ಸಿಕ್ಕ ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಗಿತ್ತು. ಹನ್ನೆರಡು ತಿಂಗಳಿಗೂ ಮೀರಿ ಮೂಗಿಲ್ಲದೆ ಇದ್ದ ಆತನಿಗೆ ಪುಣೆಯ ಬಳಿ ಇಟ್ಟಿಗೆ ತಯಾರಿಸುವ ಜಾತಿಯವನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದನು. ಹುಬ್ಬುಗಳ ನಡುವೆ ಚರ್ಮದ ಒಂದು ಪಟ್ಟಿಯನ್ನು ಕತ್ತರಿಸದೆ ಬಿಟ್ಟದ್ದರಿಂದ ರಕ್ತಸಂಚಾರ ಉಳಿಯಿತು. ಸುಮಾರು 25ನೆಯ ದಿನ ಆ ಸಂಪರ್ಕವನ್ನು ಕಡಿಯುವುದು ಕ್ರಮವಾಗಿತ್ತು. ಇದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಕ್ರಿಯೆಯನ್ನು ಕೈಗೊಂಡನು.

ರಕ್ತಸಂಚಾರವುಳ್ಳ ಅಂಗಾಂಶವನ್ನು ಕೊಂಡೊಯ್ದು ಗಾಯ ಮುಚ್ಚುವ ಈ ತತ್ತ್ವವೇ ಕಾಲಿನ ತೆರೆದ ಮೂಳೆಮುರಿತದ ಚಿಕಿತ್ಸೆಗೂ ಆಧಾರ. ಆದರೆ ಕಾಲದ ವಿಷಯದಲ್ಲಿ ಇವೆರಡಕ್ಕೂ ಮಹತ್ತರವಾದ ಭೇದವುಂಟು. ಕಾವಸ್‌ಜಿಯ ಗಾಯ ಮಾಗಿ ಶಾಂತವಾಗಿತ್ತು. ವರ್ಷ ಕಳೆದರೂ ಹಾನಿಯಿರಲಿಲ್ಲ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಮುಂಭಾಗಕ್ಕಾದರೋ ತೆಳುವಾದ ಚರ್ಮವೊಂದೇ ಹೊದಿಕೆ. ಅದು ಹರಿದರೆ ಬಯಲಾದ ಮೂಳೆ ಒಣಗುತ್ತದೆ, ಸೋಂಕಿಗೆ ನೆಲೆಯಾಗುತ್ತದೆ. ಅರಕೆರೆಯ ಕಾಳಗದ ಕಾಲದಲ್ಲಿ ಇಂಥ ಗಾಯಕ್ಕೆ ಕಾಲನ್ನು ಕತ್ತರಿಸುವುದೇ ರೂಢಿಯ ಚಿಕಿತ್ಸೆಯಾಗಿತ್ತು.

ಲ್ಯುಬ್ಲ್ಯಾನಾದ ಮಾರ್ಕೊ ಗೋದಿನಾ ಅವರ 532 ರೋಗಿಗಳ ಅಧ್ಯಯನ 1986ರಲ್ಲಿ, ಅವರ ಮರಣಾನಂತರ, ಪ್ರಕಟವಾಯಿತು. 72 ಗಂಟೆಗಳೊಳಗೆ ಅಂಗಾಂಶದ ಹೊದಿಕೆ ನೀಡಿದವರಲ್ಲಿ ಸೋಂಕು ಶೇ. 1.5, ಅನಂತರ ಮೂರು ತಿಂಗಳೊಳಗೆ ನೀಡಿದವರಲ್ಲಿ ಶೇ. 17.5, ಮೂರು ತಿಂಗಳ ಬಳಿಕ ನೀಡಿದವರಲ್ಲಿ ಶೇ. 6. ಮಧ್ಯದ ಅವಧಿಯೇ ಅತ್ಯಂತ ಅಪಾಯಕಾರಿ ಎಂಬುದು ಇಲ್ಲಿ ಗಮನಾರ್ಹ. ಆದರೂ ಈ ಗುಂಪುಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲವಾದ್ದರಿಂದ, ವ್ಯತ್ಯಾಸವೆಲ್ಲವೂ ಕಾಲವೊಂದರಿಂದಲೇ ಉಂಟಾಯಿತೆನ್ನಲಾಗದು.

ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿಯು ಚರ್ಮ, ಮೂಳೆ, ಸ್ನಾಯುಗಳ ಹಾನಿಯನ್ನು ಪ್ರತ್ಯೇಕವಾಗಿ ಅಳೆದು, ಕಾಲನ್ನು ಉಳಿಸುವ ನಿರ್ಧಾರಕ್ಕೆ ನೆರವಾಗುತ್ತದೆ. ಬ್ರಿಟನ್ನಿನ 2017ರ ಮಾರ್ಗಸೂಚಿಯೂ, ಮೊದಲ ಶುದ್ಧೀಕರಣದಲ್ಲೇ ಸಾಧ್ಯವಾಗದಿದ್ದರೆ 72 ಗಂಟೆಗಳೊಳಗೆ ಗಾಯವನ್ನು ಮುಚ್ಚಬೇಕೆನ್ನುತ್ತದೆ. ಸತ್ತ ಅಂಗಾಂಶವನ್ನು ಪೂರ್ಣವಾಗಿ ತೆಗೆಯದೆ ಮುಚ್ಚುವ ಅವಸರವಾದರೋ ಸೋಂಕನ್ನು ಒಳಗೇ ಉಳಿಸುತ್ತದೆ.

ಹೊದಿಕೆಯ ಕೌಶಲ ಈ ನೆಲಕ್ಕೆ ಹಳೆಯದು; ಅದನ್ನು ಯಾವಾಗ ಬಳಸಬೇಕೆಂಬ ಅರಿವು ಇತ್ತೀಚಿನದು. ಮೂಳೆತಜ್ಞರೂ ಪ್ಲಾಸ್ಟಿಕ್ ಶಸ್ತ್ರವೈದ್ಯರೂ ಇರುವ ಆಸ್ಪತ್ರೆಗೆ ಗಾಯಾಳುವನ್ನು ಮೊದಲ ದಿನವೇ ತಲುಪಿಸುವ ವ್ಯವಸ್ಥೆಯಿಲ್ಲದಿದ್ದರೆ ಆ ಅರಿವು ಪುಸ್ತಕದಲ್ಲಿಯೇ ಉಳಿಯುತ್ತದೆ.